ಐದನೆಯ ತಿಂಗಳಲ್ಲಿ ಇಳಿದ ಬಸಿರಿಗೆ ಯಾವ ಕರ್ಮ?



ನಮ್ಮಲ್ಲಿ ಸೂತಕವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು ಎಂದು ಪ್ರತಿ ಬಸವ ಜಯಂತಿಯಲ್ಲಿ, ಪ್ರತಿ ಶ್ರಾವಣದ ಪ್ರವಚನದಲ್ಲಿ ಹೇಳುತ್ತೇವೆ, ಕೇಳುತ್ತೇವೆ. ಆದರೆ ಈ ಪಟ್ಟಿಯಲ್ಲಿಲ್ಲದ ಆರನೆಯ ಸೂತಕವೊಂದನ್ನು ನಮ್ಮ ಮನೆಗಳು ಸದ್ದಿಲ್ಲದೆ ಪಾಲಿಸುತ್ತಿವೆ. ಬಸಿರು ನಿಲ್ಲದ ಹೆಣ್ಣುಮಗಳನ್ನು ಕುಬಸಕ್ಕೆ ಕರೆಯುವುದಿಲ್ಲ. ಕರೆದರೂ ಉಡಿ ತುಂಬಲು ಮುಂದೆ ಬಿಡುವುದಿಲ್ಲ. ತೊಟ್ಟಿಲು ಹಾಕುವ ದಿನ ಅವಳು ಅಡುಗೆಮನೆಯಲ್ಲೇ ಇರುವಂತೆ ಯಾರೋ ಒಬ್ಬ ಹಿರಿಯಾಕೆ ನಯವಾಗಿ ನೋಡಿಕೊಳ್ಳುತ್ತಾಳೆ. ಯಾರೂ ಬೈಯುವುದಿಲ್ಲ. ಬೈದಿದ್ದರೆ ತಿರುಗಿ ಮಾತಾಡಲಿಕ್ಕಾದರೂ ಬರುತ್ತಿತ್ತು.

ನಾನು ಉತ್ತರ ಕರ್ನಾಟಕದ ತಾಲ್ಲೂಕು, ಜಿಲ್ಲಾ ಊರುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸುತ್ತ ಬಂದವಳು. ನಿವೃತ್ತಿಯ ಮೇಲೆ ಮಠಗಳ ಅಕ್ಕನ ಬಳಗದವರು ಕರೆದಾಗ ಹೋಗಿ ನಾಲ್ಕು ಮಾತು ಆಡುತ್ತೇನೆ. ಸಭೆಯಲ್ಲಿ ಪ್ರಶ್ನೆ ಕೇಳಿ ಎಂದರೆ ಯಾರೂ ಕೇಳುವುದಿಲ್ಲ. ಪ್ರಸಾದ ಮುಗಿಸಿ ಕೈ ತೊಳೆಯುವಾಗ ಒಬ್ಬಾಕೆ ಪಕ್ಕಕ್ಕೆ ಬರುತ್ತಾಳೆ. “ಡಾಕ್ಟ್ರಮ್ಮಾರ, ನನ್ನ ಸೊಸಿಗೆ ಎರಡು ಸಲ ಐದರಾಗ ಹೋತ್ರಿ. ನೋವಿಲ್ಲ ಏನಿಲ್ಲ, ಹಂಗ ಇಳದು ಹೋತು. ಸ್ವಾಮಿಗಳ್ನ ಕೇಳಿದ್ರ ನಾಗದೋಷ ಐತಿ ಅಂದ್ರು.” ಸ್ವಾಮಿಗಳು ಎಂದರೆ ಮಠದವರಲ್ಲ, ಪಂಚಾಂಗ ನೋಡುವವರು. ಪಂಚಾಂಗವನ್ನೂ ಬಿಟ್ಟ ಧರ್ಮ ನಮ್ಮದು ಎಂದು ಅದೇ ಸಭೆಯಲ್ಲಿ ಅರ್ಧ ಗಂಟೆಯ ಹಿಂದಷ್ಟೇ ಕೇಳಿ ಬಂದಿರುತ್ತಾಳೆ ಆಕೆ.

ಆಕೆಯನ್ನು ದೂರಲಾರೆ. ಮನೆಯಲ್ಲಿ ದುಃಖ ಬಂದಾಗ ಮನುಷ್ಯರಿಗೆ ಒಂದು ಕಾರಣ ಬೇಕು. ಆಸ್ಪತ್ರೆಯಲ್ಲಿ ಯಾರೂ ಕಾರಣ ಹೇಳಿರುವುದಿಲ್ಲ, ಚೀಟಿಯ ಮೇಲೆ ‘ಗರ್ಭಪಾತ’ ಎಂದು ಬರೆದು ಕಳಿಸಿರುತ್ತಾರೆ. ಆ ಖಾಲಿ ಜಾಗದಲ್ಲಿ ನಾಗದೋಷ ಬಂದು ಕೂರುತ್ತದೆ. ಹಾಗಾಗಿ ನಾಗದೋಷವಿಲ್ಲ ಎಂದಷ್ಟೇ ಹೇಳಿದರೆ ಸಾಲದು, ಆ ಜಾಗಕ್ಕೆ ನಿಜವಾದ ಕಾರಣವನ್ನು ತಂದಿಡಬೇಕು. ಆಕೆ ಹೇಳಿದ “ನೋವಿಲ್ಲ ಏನಿಲ್ಲ, ಹಂಗ ಇಳದು ಹೋತು” ಎಂಬ ಒಂದೇ ಮಾತಿನಲ್ಲಿ ಆ ಕಾರಣ ಮುಕ್ಕಾಲು ಪಾಲು ಇತ್ತು.

ಗರ್ಭಚೀಲವನ್ನು ಜೋಳದ ಚೀಲದಂತೆ ಭಾವಿಸಿ. ಬಾಯಿ ಕೆಳಗಿದೆ. ಆ ಬಾಯಿಯೇ ಗರ್ಭಕಂಠ. ಒಂಬತ್ತು ತಿಂಗಳು ಅದು ಬಿಗಿಯಾಗಿ ಮುಚ್ಚಿಕೊಂಡಿರಬೇಕು, ಹೆರಿಗೆ ನೋವು ಬಂದಾಗಷ್ಟೇ ತೆರೆಯಬೇಕು. ಕೆಲವರಲ್ಲಿ ಆ ಬಾಯಿಗೆ ಬಿಗಿ ಕಡಿಮೆ. ಮೊದಲ ಮೂರು ತಿಂಗಳು ಒಳಗಿನ ಭಾರ ಕಡಿಮೆಯಿರುವುದರಿಂದ ಏನೂ ತೊಂದರೆಯಾಗುವುದಿಲ್ಲ. ನಾಲ್ಕು, ಐದು, ಆರನೆಯ ತಿಂಗಳಲ್ಲಿ ಕೂಸು ಬೆಳೆದು ನೀರು ತುಂಬಿದಂತೆ, ನೋವೇ ಇಲ್ಲದೆ ಬಾಯಿ ಸಡಿಲಗೊಳ್ಳುತ್ತದೆ. ಸೊಂಟ ಸ್ವಲ್ಪ ಹಿಡಿದಂತಾಗುತ್ತದೆ, ಕೆಳಹೊಟ್ಟೆ ಭಾರ ಎನ್ನಿಸುತ್ತದೆ, ಬಿಳಿಸೆರಗು ಹೆಚ್ಚಾಗುತ್ತದೆ ಅಥವಾ ಚೂರು ಕೆಂಪಾಗುತ್ತದೆ. ಹೊಲಕ್ಕೆ ಹೋಗಿ ಬಂದ ಆಯಾಸ ಎಂದುಕೊಳ್ಳುತ್ತಾರೆ. ಒಂದೆರಡು ದಿನದಲ್ಲಿ ನೀರು ಒಡೆಯುತ್ತದೆ, ಆಮೇಲೆ ಉಳಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೀಗೆ ಇಳಿದ ಕೂಸಿಗೆ ಹೆಚ್ಚಿನ ಸಲ ಯಾವ ದೋಷವೂ ಇರುವುದಿಲ್ಲ. ಬೆರಳು, ಮೂಗು, ಕಿವಿ ಎಲ್ಲ ಸರಿಯಾಗಿಯೇ ಇರುತ್ತವೆ. ನೋಡಿದ ತಾಯಿ ಅದನ್ನು ಮರೆಯುವುದಿಲ್ಲ. ಅನೇಕ ಕಡೆ ತೋರಿಸುವುದೂ ಇಲ್ಲ.

ಇದು ಅಪರೂಪದ ತೊಂದರೆ, ನೂರು ಬಸುರಿಯರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ. ಆದರೆ ಐದರಲ್ಲಿ ಒಮ್ಮೆ ಹೀಗೆ ಹೋದವರಿಗೆ ಮತ್ತೆ ಹೋಗುವ ಸಂಭವ ಹೆಚ್ಚು. ಮೊದಲನೆಯದನ್ನು ಮುಂಚೆಯೇ ಗುರುತಿಸುವುದು ವೈದ್ಯರಿಗೂ ಕಷ್ಟ. ಎರಡನೆಯದನ್ನು ತಡೆಯಲು ಅವಕಾಶವಿದೆ, ಶಾಂತಿ ಹೋಮ, ಹರಕೆ ಎಂದು ಓಡಾಡುವ ದಿನಗಳಲ್ಲಿ ಆ ಅವಕಾಶವೇ ಕೈ ತಪ್ಪುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ.

ಈ ಬಾಯಿಗೆ ಹೊಲಿಗೆ ಹಾಕಿ ಬಸಿರು ಉಳಿಸಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮೊದಲಿಗರು ನಮ್ಮ ನೆರೆಯ ಗೋವೆಯ ಶಿರೋಡದಲ್ಲಿ 1899ರಲ್ಲಿ ಹುಟ್ಟಿದ ಡಾ. ವಿ. ಎನ್. ಶಿರೋಡಕರ್. ಮುಂಬಯಿಯಲ್ಲಿ ವೃತ್ತಿ ಮಾಡುತ್ತಿದ್ದ ಅವರು, ನಾಲ್ಕು ತಿಂಗಳ ಮೇಲೆ ಪದೇ ಪದೇ ಬಸಿರು ಇಳಿಯುತ್ತಿದ್ದ ಹೆಂಗಸರನ್ನು ಗಮನಿಸಿ, ತೊಡೆಯ ಗಟ್ಟಿ ಪೊರೆಯ ಒಂದು ಪಟ್ಟಿಯನ್ನೇ ದಾರವಾಗಿ ಬಳಸಿ ಗರ್ಭಕಂಠವನ್ನು ಸುತ್ತುಗಟ್ಟಿ ಬಿಗಿದರು. 1955ರಲ್ಲಿ ಅದನ್ನು ಬರೆದು ಪ್ರಕಟಿಸಿದ್ದು ಲಂಡನ್ನಿನಲ್ಲಲ್ಲ, ಮದ್ರಾಸಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ. ಎರಡು ವರ್ಷದ ನಂತರ ಆಸ್ಟ್ರೇಲಿಯಾದ ಇಯಾನ್ ಮ್ಯಾಕ್‌ಡೊನಾಲ್ಡ್ ಇನ್ನೂ ಸುಲಭದ ವಿಧಾನ ಹೇಳಿಕೊಟ್ಟರು. ಇಂದು ಹೆಚ್ಚು ಬಳಕೆಯಲ್ಲಿರುವುದು ಅದೇ. ಆದರೂ ಲೋಕದ ಹೆರಿಗೆ ಕೋಣೆಗಳಲ್ಲಿ ‘ಶಿರೋಡಕರ್ ಹೊಲಿಗೆ’ ಎಂಬ ಹೆಸರು ಉಳಿದಿದೆ. ಎಪ್ಪತ್ತು ವರ್ಷದಿಂದ ಪಕ್ಕದಲ್ಲೇ ಇರುವ ವಿದ್ಯೆ ಇದು. ನಮ್ಮ ಕಡೆ “ಬಾಯಿಗೆ ಟಾಕಿ ಹಾಕೋದು” ಎನ್ನುತ್ತಾರೆ. ಮಾತು ಬಂದಾಗ ಹೆಸರು ಗೊತ್ತಿರುತ್ತದೆ, ತಮ್ಮ ಮನೆಗೆ ಬೇಕಾದಾಗ ನೆನಪಾಗುವುದಿಲ್ಲ.

ಟಾಕಿಯ ಬಗ್ಗೆ ಕೇಳುವ ಭಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ 12ರಿಂದ 14ನೆಯ ವಾರದಲ್ಲಿ, ಸೊಂಟದ ಕೆಳಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಾಕುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. 36–37 ವಾರಕ್ಕೆ ಬಿಚ್ಚುತ್ತಾರೆ, ಆಮೇಲೆ ಸಹಜ ಹೆರಿಗೆ ಆಗಬಹುದು. ಟಾಕಿ ಹಾಕಿದ್ದಾರೆ, ಇನ್ನು ಆಪರೇಷನ್ನೇ ಎಂಬುದು ಸುಳ್ಳು. ಟಾಕಿ ಇರುವಾಗಲೇ ನೋವು ಬಂದರೆ, ನೀರು ಒಡೆದರೆ, ಜ್ವರ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆ ಸೇರಬೇಕು, ಇಲ್ಲವಾದರೆ ಗರ್ಭಕಂಠ ಹರಿಯುತ್ತದೆ. ಎಲ್ಲರಿಗೂ ಟಾಕಿ ಬೇಡ. ಸೋಂಕು ತಗಲುವ, ನೀರು ಒಡೆಯುವ ಅಪಾಯ ಸ್ವಲ್ಪ ಇದ್ದೇ ಇದೆ. ಒಮ್ಮೆ ಮಾತ್ರ ಹೋದವರಿಗೆ ಕೂಡಲೇ ಟಾಕಿ ಹಾಕಬೇಕೆ, ಅಳತೆ ನೋಡುತ್ತ ಕಾಯಬೇಕೆ ಎಂಬಲ್ಲಿ ವೈದ್ಯರಲ್ಲೇ ಎರಡು ಮತ ಇವೆ. ಕಾಯುವುದಾದರೆ 16ನೆಯ ವಾರದಿಂದ 24ನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ ಗರ್ಭಕಂಠದ ಉದ್ದ ಅಳೆಯುತ್ತಾರೆ. ನಡುಬಸಿರಿನಲ್ಲಿ ಅದು ಸುಮಾರು 35ರಿಂದ 40 ಮಿಲಿಮೀಟರ್ ಇರಬೇಕು. 25ಕ್ಕಿಂತ ಕಡಿಮೆಯಾದರೆ ಎಚ್ಚರ. ಈ ಅಳತೆಯನ್ನು ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ನಿಖರವಾಗಿ ತೆಗೆಯುತ್ತಾರೆ. ಅದನ್ನು ಕೇಳಿದೊಡನೆ ನಮ್ಮ ಹೆಣ್ಣುಮಕ್ಕಳು ನಾಚಿ ಬೇಡವೆನ್ನುತ್ತಾರೆ, ಅತ್ತೆಯಂದಿರು ಕೂಸಿಗೆ ಪೆಟ್ಟಾಗುತ್ತದೆ ಎನ್ನುತ್ತಾರೆ. ಪೆಟ್ಟಾಗುವುದಿಲ್ಲ.

ಅಳತೆ ಕಡಿಮೆ ಬಂದವರಲ್ಲಿ ಕೆಲವರಿಗೆ ಪ್ರೊಜೆಸ್ಟರಾನ್ ಹಾರ್ಮೋನಿನ ಗುಳಿಗೆಯನ್ನು ಯೋನಿಯಲ್ಲಿ ಇಟ್ಟುಕೊಳ್ಳಲು ಕೊಡುತ್ತಾರೆ. ಅದರಿಂದ ಅನುಕೂಲವಾಗುತ್ತದೆ. ಮೂರು ತಿಂಗಳು ಹಾಸಿಗೆ ಬಿಟ್ಟೇಳಬೇಡ ಎನ್ನುವ ಪದ್ಧತಿಯಿಂದ ಪ್ರಯೋಜನವಾದದ್ದಕ್ಕೆ ಆಧಾರವಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಅದರಿಂದ ಹೆಚ್ಚುತ್ತದೆ.

ಹಾರ್ಮೋನಿನ ಮಾತು ಬಂದದ್ದರಿಂದ ಇನ್ನೊಂದು ಗೊಂದಲ ಬಿಡಿಸಬೇಕು. ಬಸಿರು ಹೋದದ್ದೆಲ್ಲ ಒಂದೇ ಬಗೆಯದಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವುದು ಬೇರೆ, ನಾಲ್ಕರ ಮೇಲೆ ನೋವಿಲ್ಲದೆ ಹೋಗುವುದು ಬೇರೆ. ಮೊದಲ ಮೂರು ತಿಂಗಳಲ್ಲಿ ಹೋಗುವುದರಲ್ಲಿ ಸುಮಾರು ಅರ್ಧದಷ್ಟು ಪ್ರಕೃತಿಯೇ ತಿರುಗಿ ಕರೆದುಕೊಂಡದ್ದು, ಬೀಜದಲ್ಲೇ ವರ್ಣತಂತುಗಳ ಲೆಕ್ಕ ತಪ್ಪಿದ್ದು. ಉಳಿದದ್ದರಲ್ಲಿ ಹಾರ್ಮೋನಿನ ತೊಂದರೆಗೆ ದೊಡ್ಡ ಪಾಲಿದೆ. ಥೈರಾಯ್ಡ್ ಕಡಿಮೆ ಇರುವುದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಪ್ರೊಲ್ಯಾಕ್ಟಿನ್ ಹೆಚ್ಚಿರುವುದು, ಪಿಸಿಓಡಿ. ಇವೆಲ್ಲ ರಕ್ತಪರೀಕ್ಷೆ, ಸ್ಕ್ಯಾನಿನಲ್ಲಿ ಗೊತ್ತಾಗುತ್ತವೆ, ಗುಳಿಗೆಗೆ, ಪಥ್ಯಕ್ಕೆ ಬಗ್ಗುತ್ತವೆ. ಥೈರಾಯ್ಡ್ ಗುಳಿಗೆ ನುಂಗುತ್ತಿದ್ದಾಕೆ ಬಸುರಿಯಾದ ಕೂಡಲೇ “ಹೊಟ್ಟ್ಯಾಗಿನ ಕೂಸಿಗೆ ಗುಳಿಗಿ ಬ್ಯಾಡ” ಎಂದು ಬಿಟ್ಟುಬಿಡುವುದನ್ನು ನೋಡಿ ನೋಡಿ ಸಾಕಾಗಿದೆ. ನಿಜವೆಂದರೆ, ಮೊದಲ ತಿಂಗಳುಗಳಲ್ಲಿ ಕೂಸಿಗೆ ಬೇಕಾದ ಥೈರಾಯ್ಡ್ ರಸ ತಾಯಿಯಿಂದಲೇ ಹೋಗಬೇಕು, ಹಾಗಾಗಿ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನು ನಾಲ್ಕು ತಾಸು ಬಿಟ್ಟು ತೆಗೆದುಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ.

ಎರಡಕ್ಕೂ ನಂಟೂ ಇದೆ. ಪಿಸಿಓಡಿ ಇದ್ದು ಚಿಕಿತ್ಸೆಯಿಂದ ಬಸುರಾದವರಲ್ಲಿ ಗರ್ಭಕಂಠದ ದೌರ್ಬಲ್ಯ ಹೆಚ್ಚಾಗಿ ಕಾಣುತ್ತದೆ, ದಕ್ಷಿಣ ಏಷ್ಯಾ ಮೂಲದ ಹೆಂಗಸರಲ್ಲಿ ಇನ್ನೂ ಹೆಚ್ಚು ಎಂದು ಅಮೆರಿಕದಿಂದ ವರದಿಯಾಗಿದೆ. ಅಂಥವರು ಮೂರು ತಿಂಗಳು ದಾಟಿತು, ಇನ್ನೇನು ಭಯವಿಲ್ಲ ಎಂದು ನಿಶ್ಚಿಂತೆಯಿಂದ ಕೂರದೆ ನಾಲ್ಕರಲ್ಲಿ ಗರ್ಭಕಂಠದ ಅಳತೆ ಕೇಳಿ ತೆಗೆಸಿಕೊಳ್ಳಲಿ.

ಬಸಿರು ನಿಲ್ಲಲಿ ಎಂದು ಯಾವ ಪರೀಕ್ಷೆಯೂ ಇಲ್ಲದೆ ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಅವಸರವೂ ನಮ್ಮಲ್ಲಿದೆ. ಅದಕ್ಕೆ ಅಮೆರಿಕದ ಒಂದು ಕಥೆ ಹೇಳಬೇಕು. ಅಲ್ಲಿ 1940ರ ದಶಕದಿಂದ ಗರ್ಭಪಾತ ತಡೆಯಲೆಂದು ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನನ್ನು ಬಸುರಿಯರಿಗೆ ಧಾರಾಳವಾಗಿ ಕೊಟ್ಟರು. 1953ರಲ್ಲೇ ಷಿಕಾಗೋದಲ್ಲಿ ನಡೆದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವಿಲ್ಲ ಎಂದು ತಿಳಿದರೂ ನಿಲ್ಲಿಸಲಿಲ್ಲ. 1971ರಲ್ಲಿ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಂಡ ಮೇಲೆ, ಬಸುರಿಯರಿಗೆ ಕೊಡಬೇಡಿ ಎಂದು ಅಲ್ಲಿನ ಸರ್ಕಾರ ಎಚ್ಚರಿಸಿತು. ಆ ಹೆಣ್ಣುಮಕ್ಕಳು ಬಸುರಿಯರಾದಾಗ ಅನೇಕರ ಗರ್ಭಚೀಲದ ಆಕಾರ ಸರಿಯಿರಲಿಲ್ಲ, ಗರ್ಭಕಂಠ ದುರ್ಬಲವಾಗಿತ್ತು. ಬಸಿರು ಉಳಿಸಲು ಕೊಟ್ಟ ಮದ್ದೇ ಮುಂದಿನ ತಲೆಮಾರಿನ ಬಸಿರನ್ನು ಕೆಡಿಸಿತು. ಪ್ರೊಜೆಸ್ಟರಾನ್ ಆ ಜಾತಿಯ ಮದ್ದಲ್ಲ, ಹೆದರಬೇಡಿ. ಆದರೆ ಯಾವ ಹಾರ್ಮೋನು, ಯಾತಕ್ಕೆ, ಎಷ್ಟು ದಿನ ಎಂದು ಕೇಳದೆ ತೋಳು ಮುಂದೆ ಮಾಡಬೇಡಿ.

ಗರ್ಭಕಂಠ ಏಕೆ ದುರ್ಬಲವಾಗುತ್ತದೆ? ಕೆಲವರಿಗೆ ಹುಟ್ಟಿನಿಂದಲೇ ಹಾಗೆ. ಕೆಲವರಿಗೆ ಹಿಂದಿನ ಹೆರಿಗೆಯಲ್ಲಿ ಹರಿದಿರುತ್ತದೆ, ಕ್ಯಾನ್ಸರ್ ಶಂಕೆಯಿಂದ ಅಲ್ಲಿನ ಚೂರು ತೆಗೆದಿರುತ್ತಾರೆ. ಇನ್ನೊಂದು ಕಾರಣವನ್ನು ಹೇಳಲು ನಮ್ಮ ಸಮಾಜದ ವೇದಿಕೆಗಳು ಹಿಂಜರಿಯುತ್ತವೆ. ಒಂದರ ಮೇಲೊಂದು ಗರ್ಭಪಾತ ಮಾಡಿಸಿ, ಒರಟಾಗಿ ಬಾಯಿ ಹಿಗ್ಗಿಸಿ ಚೀಲ ಕೆರೆದರೆ ಆ ಬಾಯಿಗೆ ಬಿಗಿ ಉಳಿಯುವುದಿಲ್ಲ. ಹೆಣ್ಣುಕೂಸು ಬೇಡವೆಂದು ಕದ್ದು ಮಾಡಿಸುವ ಗರ್ಭಪಾತಗಳು ಎಂಥ ಕೈಗಳಲ್ಲಿ ಆಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಕಾನೂನು 1994ರಿಂದ ಇದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನಾವೆಲ್ಲ ಬೆಚ್ಚಿದೆವು. ಅದು ದೂರದ ಮಂಡ್ಯದ ಕಥೆ ಎಂದು ಧಾರವಾಡ, ವಿಜಯಪುರ, ಕಲಬುರಗಿಯವರು ಸುಮ್ಮನಿರಬಾರದು. ಎರಡು ಸಲ ಹೆಣ್ಣೆಂದು ತೆಗೆಸಿ, ಮೂರನೆಯ ಸಲ ಗಂಡೆಂದು ಉಳಿಸಿಕೊಳ್ಳಲು ಹೋದಾಗ ಐದರಲ್ಲಿ ಇಳಿದುಹೋದ ಹೆಣ್ಣುಮಕ್ಕಳು ನನ್ನ ಕೈಯಲ್ಲೇ ಹಾದುಹೋಗಿದ್ದಾರೆ. ಹಿಂದಿನ ಎರಡರ ಸುದ್ದಿಯನ್ನು ಅವರು ಹೇಳಿದ್ದು ಮನೆಯವರನ್ನು ಹೊರಗೆ ಕಳಿಸಿದ ಮೇಲೆ. ಹೊರಗೆ ಕೂತ ಅತ್ತೆ ಆ ಹೊತ್ತಿಗೆ ಸೊಸೆಯ ಜಾತಕದ ದೋಷ ಹೇಳುತ್ತಿದ್ದಳು. ಇಂಥ ಮನೆಗಳ ಬಾಗಿಲ ಮೇಲೂ ಬಸವಣ್ಣನವರ ಪಟ ಇರುತ್ತದೆ.

ಮಠಗಳು ಇದರಲ್ಲಿ ಏನು ಮಾಡಬಹುದು? ಆಸ್ಪತ್ರೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ವೈದ್ಯ ಸಂಗಣ್ಣನಂಥ ಶರಣರಿದ್ದ ಪರಂಪರೆ ನಮ್ಮದು. ರೋಗಕ್ಕೆ ಮದ್ದು ಕೊಡುವುದೂ ಕಾಯಕವೇ ಎಂದು ಬಾಳಿ ತೋರಿಸಿದವರು ಅವರು. ಆ ಪರಂಪರೆಯ ಪೂಜ್ಯರು ಪ್ರವಚನದಲ್ಲಿ ಒಂದೇ ಒಂದು ಮಾತು, ಬಸಿರು ಇಳಿಯುವುದು ಪಾಪದ ಫಲವಲ್ಲ, ಅದಕ್ಕೆ ಮೈಯಲ್ಲಿ ಕಾರಣವಿದೆ, ಡಾಕ್ಟರನ್ನು ಕಾಣಿರಿ ಎಂದರೆ, ನಾನು ಹತ್ತು ಉಪನ್ಯಾಸ ಕೊಟ್ಟಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಮೂರು ತಲೆಮಾರಿನವರು ಒಟ್ಟಿಗೆ ಕೂತು ಕೇಳುವ ಜಾಗ ಮಠ ಬಿಟ್ಟರೆ ಬೇರೆ ಉಳಿದಿಲ್ಲ. ಸೊಸೆಗೆ ತಿಳಿದರೆ ಸಾಲದು, ಆಟೋಗೆ ದುಡ್ಡು ಕೊಡುವವರು ಅತ್ತೆ ಮಾವ.

ಅಕ್ಕನ ಬಳಗದವರು ಇನ್ನೊಂದು ಮಾಡಬಹುದು. ಹೀಗೆ ಕಳೆದುಕೊಂಡವಳ ಮನೆಗೆ ಇಬ್ಬರು ಹೋಗಿ, ಎಷ್ಟನೆಯ ವಾರ, ನೋವು ಮೊದಲೋ ನೀರು ಮೊದಲೋ, ಜ್ವರವಿತ್ತೇ, ಕೂಸು ಜೀವಂತ ಬಂತೇ ಎಂಬ ನಾಲ್ಕು ವಿಷಯ ನೆನಪಿರುವಾಗಲೇ ಬರೆಸಿಡಲಿ. ಮುಂದಿನ ಬಸಿರಿನಲ್ಲಿ ತಾಯಿ ಕಾರ್ಡಿನ ಜೊತೆ ಆ ಹಾಳೆ ಇದ್ದರೆ ವೈದ್ಯರಿಗೆ ಅರ್ಧ ರೋಗನಿದಾನ ಆದಂತೆಯೇ. ಪ್ರತಿ ತಿಂಗಳು 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬಿದ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆದಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕರೆದುಕೊಂಡು ಹೋಗುತ್ತಾಳೆ. ಹಿಂದೆ ಕಳೆದುಕೊಂಡವರು ಮಾತ್ರ ಅಲ್ಲಿಯವರೆಗೆ ಕಾಯದೆ, ಮುಟ್ಟು ನಿಂತ ಕೂಡಲೇ ತಜ್ಞರನ್ನು ಕಾಣಬೇಕು.

ಇನ್ನೊಂದು ಪ್ರಶ್ನೆಯನ್ನು ನನಗೆ ಅನೇಕ ತಾಯಂದಿರು ಕೇಳಿದ್ದಾರೆ. ನಮ್ಮ ಹಲವು ಮನೆತನಗಳಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಆಗುತ್ತದೆ. ಐದರಲ್ಲಿ ಹೋದ ಕೂಸಿಗೆ ಅದು ಆಗಿರುವುದಿಲ್ಲ. “ಲಿಂಗ ಆಗದ ಕೂಸ್ರಿ ಅದು. ಅದರ ಗತಿ ಏನ್ರಿ?” ಗರ್ಭಕಂಠದ ಅಳತೆ ಹೇಳಿ ಈ ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ. ಒಮ್ಮೆ ಒಬ್ಬ ಪೂಜ್ಯರ ಎದುರು ಒಬ್ಬ ತಾಯಿ ಹೀಗೆಯೇ ಕೇಳಿದಾಗ ನಾನು ಅಲ್ಲಿದ್ದೆ. ಅವರು, “ತಾಯಿ, ಅದು ನಿಮ್ಮ ಮೈಯೊಳಗೆ ಇದ್ದ ಕೂಸು. ನಿಮ್ಮ ಎದಿ ಮ್ಯಾಗಿನ ಲಿಂಗ ಅದರದೂ ಹೌದು. ಇನ್ನೇನು ಧಾರಣೆ ಬೇಕು ಅದಕ್ಕ?” ಎಂದರು. ಆಮೇಲೆ ಮಠದ ಅಕ್ಕಂದಿರಿಗೆ ಹೇಳಿ ಅಲ್ಲೇ ಆಕೆಯ ಉಡಿ ತುಂಬಿಸಿದರು. ಆಕೆಯ ಅತ್ತೆ ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ಇಬ್ಬರೂ ಒಟ್ಟಿಗೆ ಥೈರಾಯ್ಡ್ ಪರೀಕ್ಷೆಗೆ ಬಂದರು.

ಕೊನೆಗೆ ನಮ್ಮ ಸಂಸ್ಥೆಗಳಿಗೆ ಸಂಬಂಧಿಸಿದ ಒಂದು ವಿಷಯ. ಮಠಗಳ ಆಶ್ರಯದ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬಹಳ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತವಾದವರಿಗೆ, ಪ್ರಮಾಣಪತ್ರ ಕೊಟ್ಟರೆ, ಆರು ವಾರಗಳ ಸಂಬಳಸಹಿತ ರಜೆ ಇದೆ. 26ನೆಯ ವಾರದವರೆಗೆ ಹೋದ ಬಸಿರೆಲ್ಲ ಕಾಯ್ದೆಯ ಲೆಕ್ಕದಲ್ಲಿ ಗರ್ಭಪಾತವೇ. ಇದು ಅನೇಕ ಶಿಕ್ಷಕಿಯರಿಗೇ ಗೊತ್ತಿಲ್ಲ, ಮೂರು ದಿನ ಹುಷಾರಿಲ್ಲ ಎಂದು ಬರೆದುಕೊಟ್ಟು ನಾಲ್ಕನೆಯ ದಿನ ತರಗತಿಗೆ ಹೋಗಿ ನಿಲ್ಲುತ್ತಾರೆ. ಅಂಥ ರಜೆಯ ಅರ್ಜಿ ಕಳೆದ ಐದು ವರ್ಷಗಳಲ್ಲಿ ತಮ್ಮ ಕಚೇರಿಗೆ ಎಷ್ಟು ಬಂದಿವೆ, ಬಂದದ್ದಕ್ಕೆ ಗುಮಾಸ್ತರು ಏನು ಷರಾ ಬರೆದಿದ್ದಾರೆ ಎಂದು ಆಡಳಿತ ಮಂಡಳಿಯವರು ಈ ತಿಂಗಳ ಸಭೆಯಲ್ಲಿ ಕಡತ ತರಿಸಿ ನೋಡಲಿ.